ಹಾಲು ಅಲ್ಲೇ ಇತ್ತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಮಕ್ಕಳ ಹಲ್ಲಿನ ಬಗ್ಗೆ ಅರ್ಧ ಪುಟ ಬಂದಿತ್ತು. ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ, ಚಾಕೊಲೇಟ್ ಕಡಿಮೆ ಮಾಡಿ, ಹುಳುಕಾದರೆ ಬೇಗ ತೋರಿಸಿ ಅಂತ. ಎಲ್ಲಾ ಸರಿಯಾದ ಮಾತೇ. ಆದರೆ ಮಕ್ಕಳ ಹಲ್ಲು ಹುಳುಕಿನಿಂದ ಮಾತ್ರ ಹೋಗುತ್ತಾ? ಬಿದ್ದು, ಗುದ್ದಿಸಿಕೊಂಡು, ಆಟದಲ್ಲಿ ಮೊಣಕೈ ತಗುಲಿ ಹೋಗುವ ಹಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ನಾನೇ ಬರೆಯೋಣ ಅಂತ ಕೂತೆ. ಉದ್ದ ಆಗಿಬಿಟ್ಟಿದೆ. ಜಾಗ ಸಾಲದಿದ್ದರೆ ಏನು ಬೇಕಾದರೂ ಕತ್ತರಿಸಿ, ಹಾಲಿನ ವಿಷಯ ಒಂದನ್ನು ಉಳಿಸಿ.

ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಶಾಲೆಗೆ ಬರುವ ಪತ್ರಿಕೆಯನ್ನು ಅನ್ನ ಬೇಯುವಾಗ ಓದುವ ಅಭ್ಯಾಸ ಇದೆ. ನನ್ನ ಮಗನೂ ಅದೇ ಶಾಲೆಯಲ್ಲೇ ಓದಿದವನು.

2022ರ ಆಗಸ್ಟ್. ಸ್ವಾತಂತ್ರ್ಯ ದಿನಕ್ಕೆ ಮಕ್ಕಳು ಕವಾಯತು ಕಲಿಯುತ್ತಿದ್ದ ದಿನಗಳು. ನಮ್ಮಲ್ಲಿ ಆಗ 64 ಮಕ್ಕಳು. ಕ್ಷೀರಭಾಗ್ಯದ ಲೆಕ್ಕ ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಲೀಟರ್ ಹಾಲು. ಅಂದರೆ ಬೆಳಿಗ್ಗೆ ಬಂದ ಕೂಡಲೇ ನಾನು ಒಂಬತ್ತೂವರೆ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಾಲು ಕದಡಿ ಕಾಯಿಸಬೇಕು. ಅವತ್ತು ನಾಲ್ಕು ಮಕ್ಕಳು ಬಂದಿರಲಿಲ್ಲ. ಎಲ್ಲರೂ ಕುಡಿದ ಮೇಲೂ ದಬರಿಯ ತಳದಲ್ಲಿ ಹಾಲು ಉಳಿದಿತ್ತು, ಆರಿ ಮೇಲೆ ಕೆನೆ ಕಟ್ಟಿತ್ತು. ಇದನ್ನು ಯಾಕೆ ಇಷ್ಟು ನೆನಪಿಟ್ಟುಕೊಂಡಿದ್ದೇನೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಹಾಲು ಕುಡಿದ ಮಕ್ಕಳು ಲೋಟ ತೊಳೆಯಲು ನಲ್ಲಿ ಹತ್ತಿರ ಸಾಲು ನಿಲ್ಲುತ್ತಾರೆ. ಸಾಲು ಅಂತ ನಾವು ಕರೆಯೋದು ಅಷ್ಟೇ, ಅದು ನೂಕಾಟ. ನನ್ನ ಮಗ ಆಗ ಐದನೇ ಕ್ಲಾಸು, ಹತ್ತು ವರ್ಷ. ಲೋಟ ತೊಳೆದವನು ಬಗ್ಗಿ ನಲ್ಲಿಗೇ ಬಾಯಿ ಹಾಕಿ ನೀರು ಕುಡಿಯುತ್ತಿದ್ದ. ಹಿಂದಿನವನು ತಳ್ಳಿದ. ಅವನನ್ನು ಅವನ ಹಿಂದಿನವನು ತಳ್ಳಿದ್ದನಂತೆ, ಅವನನ್ನು ಇನ್ನೊಬ್ಬ. ಯಾರ ತಪ್ಪು ಅಂತ ಹುಡುಕುತ್ತಾ ಹೋದರೆ ಒಂದನೇ ಕ್ಲಾಸಿನ ಮಗುವಿನ ತನಕ ಹೋಗಬೇಕಾಗುತ್ತೆ. ಬಿಟ್ಟೆ.

ಒಲೆ ಹತ್ತಿರ ಇದ್ದವಳಿಗೆ ಮಕ್ಕಳ ಕೂಗು ಕೇಳಿಸಿತು. ಹೋಗಿ ನೋಡಿದರೆ ಅಂಗಿಯ ಮುಂಭಾಗವೆಲ್ಲಾ ರಕ್ತ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲಲ್ಲಿ ಒಂದು ಇಲ್ಲ. ಇದ್ದ ಜಾಗದಲ್ಲಿ ಗುಂಡಗೆ ಒಂದು ತೂತು. ಒಬ್ಬ ಹುಡುಗಿ ನಲ್ಲಿ ಕೆಳಗಿನ ಕೆಸರಿನಿಂದ ಹಲ್ಲನ್ನು ಹೆಕ್ಕಿಕೊಂಡು ಬಂದು ನನ್ನ ಕೈಗೆ ಕೊಟ್ಟಳು.

ಹಲ್ಲಿನ ಬೇರು ಅಷ್ಟುದ್ದ ಇರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಬಾಯಲ್ಲಿ ಕಾಣುವ ಭಾಗಕ್ಕಿಂತ ಒಳಗಿರುವುದೇ ಉದ್ದ. ಬೆಳ್ಳಗೆ ಹೊಳೆಯುವ ತಲೆ, ಅದರ ಕೆಳಗೆ ಹಳದಿ ಬಣ್ಣದ ಬೇರು, ಬೇರಿನ ಮೇಲೆ ಅಲ್ಲಲ್ಲಿ ಕೆಂಪಗೆ ಎಳೆ ಎಳೆಯಾಗಿ ಏನೋ ಅಂಟಿಕೊಂಡಿತ್ತು. ನಾನು ಗಲೀಜು ಅಂದುಕೊಂಡೆ. ದಿನಾ ಅರವತ್ತು ತಟ್ಟೆ ತೊಳೆಯುವ ಕೈ ನೋಡಿ ಇದು. ತೆಂಗಿನ ಜುಂಗು ತಗೊಂಡೆ, ಪಾತ್ರೆ ಪುಡಿ ಹಾಕಿದೆ, ಹಲ್ಲಿನ ಬೇರನ್ನು ತಿಕ್ಕಿ ತಿಕ್ಕಿ ತೊಳೆದೆ. ಆ ಕೆಂಪು ಎಳೆಯೆಲ್ಲ ಹೋಗಿ ದಂತದ ಹಾಗೆ ಬೆಳ್ಳಗಾಯಿತು. ಆಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ, ಕಳೆದುಹೋಗದಿರಲಿ ಅಂತ.

ಮನೆಗೆ ಕರೆದುಕೊಂಡು ಬಂದರೆ ಅತ್ತೆ, ‘ಬಿಡವ್ವಾ, ಸಗಣಿ ಉಂಡೇಲಿ ಇಟ್ಟು ಮಾಳಿಗೆ ಮ್ಯಾಲಕ್ಕೆ ಎಸಿ, ಇನ್ನೊಂದ್ ಹುಟ್ತದೆ’ ಅಂದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ನಾವೆಲ್ಲ ಎಸೆದವರೇ ಅಲ್ವಾ? ಆದರೆ ನಾವು ಎಸೆದದ್ದು ಹಾಲುಹಲ್ಲು. ಮುಂದಿನ ಹಾಲುಹಲ್ಲು ಆರು ಏಳು ವರ್ಷಕ್ಕೆ ಬೀಳುತ್ತದೆ, ಏಳೆಂಟು ವರ್ಷಕ್ಕೆ ಬರುವುದೇ ಕೊನೆಯದು. ಹತ್ತು ವರ್ಷದವನ ಮುಂದಿನ ಹಲ್ಲು ಬಿದ್ದರೆ ಅದರ ಹಿಂದೆ ಇನ್ನೊಂದು ಕಾದು ಕೂತಿರುವುದಿಲ್ಲ.

ದಾರಿಯಲ್ಲಿ ಎರಡು ಕಡೆ ತೋರಿಸಿದೆವು. ಹತ್ತಿ ಇಟ್ಟರು, ಟಿ.ಟಿ. ಇಂಜೆಕ್ಷನ್ ಕೊಟ್ಟರು, ನೋವಿನ ಮಾತ್ರೆ ಕೊಟ್ಟರು. ಒಳ್ಳೆಯವರೇ. ಆದರೆ ಹಲ್ಲು ಎಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ, ನಾನೂ ಗಂಟು ಬಿಚ್ಚಲಿಲ್ಲ. ಕೊನೆಗೆ ಮಾತ್ರೆ ತಗೊಳ್ಳಲು ಹೋದಾಗ ಮೆಡಿಕಲ್ ಸ್ಟೋರಿನ ಹುಡುಗ, ‘ಅಕ್ಕಾ, ಹಲ್ಲಿದ್ರೆ ತುಮಕೂರಿಗೆ ತಗೊಂಡ್ಹೋಗಿ, ತಿರುಗಾ ಕೂರಿಸ್ತಾರೆ’ ಅಂದ. ಗುಬ್ಬಿಯಿಂದ ತುಮಕೂರು ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಆದರೆ ನಮ್ಮ ಹಳ್ಳಿಯಿಂದ ಗುಬ್ಬಿ ತಲುಪಿ, ಎರಡು ಕಡೆ ಕಾದು, ಬಸ್ಸು ಹಿಡಿದು ಹಲ್ಲಿನ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಮಧ್ಯಾಹ್ನ 1.40. ಹಲ್ಲು ಬಿದ್ದದ್ದು 10.20ಕ್ಕೆ.

ಡಾಕ್ಟರಮ್ಮ ನನ್ನ ಮಗನ ಬಾಯಿಯನ್ನೂ ನೋಡುವ ಮೊದಲು ಕೇಳಿದ್ದು, ‘ಹಲ್ಲು ತಂದಿದ್ದೀರಾ?’ ಸೆರಗು ಬಿಚ್ಚಿ ಕೊಟ್ಟೆ. ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದರು.

‘ತೊಳೆದ್ರಾ?’

‘ಹೂಂ ಮೇಡಂ, ಚೆನ್ನಾಗಿ ತೊಳೆದಿದ್ದೀನಿ. ಜುಂಗು ಹಾಕಿ.’

ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಅಲ್ಲಿ ಹತ್ತಿರ ಎಲ್ಲೂ ಹಾಲು ಸಿಗಲಿಲ್ವಾ ಅಮ್ಮಾ?’ ಅಂದರು.

ನಾನು ಏನು ಕೆಲಸ ಮಾಡುತ್ತೇನೆ ಅಂತ ಅವರಿಗೆ ಆಮೇಲೆ ಹೇಳಿದೆ.

ಅವರು ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಆ ಕೆಂಪು ಎಳೆಗಳೇ ಹಲ್ಲಿನ ಜೀವ. ಬೆಂದ ಮೊಟ್ಟೆ ಸುಲಿಯುವಾಗ ಸಿಪ್ಪೆಯ ಒಳಗೆ ತೆಳ್ಳಗೆ ಒಂದು ಪೊರೆ ಕಾಣುತ್ತಲ್ಲ, ಹಾಗೆ ಬೇರಿನ ಸುತ್ತ ಒಂದು ಪೊರೆ. ಹಲ್ಲನ್ನು ದವಡೆಯ ಮೂಳೆಗೆ ಹಿಡಿದಿಡುವುದು ಅದೇ. ಮೊಟ್ಟೆಯ ಹೋಲಿಕೆ ನನ್ನದು, ಅವರು ಚಿತ್ರ ಬರೆದು ತೋರಿಸಿದರು. ಹಲ್ಲು ಕಿತ್ತು ಬಂದಾಗ ಆ ಪೊರೆ ಹರಿದು ಅರ್ಧ ಬೇರಿನ ಮೇಲೆ, ಅರ್ಧ ಗುಳಿಯಲ್ಲಿ ಉಳಿಯುತ್ತೆ. ಎರಡೂ ಜೀವಂತ ಇದ್ದಾಗ ಸೇರಿಸಿದರೆ ಮತ್ತೆ ಕೂಡಿಕೊಳ್ಳುತ್ತೆ. ಆದರೆ ಗಾಳಿಗೆ ಒಣಗಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಸಾಯುತ್ತೆ. ಒಂದು ಗಂಟೆ ದಾಟಿದರೆ ಸತ್ತೇ ಹೋಯಿತು ಅಂತಲೇ ಲೆಕ್ಕ. ನಾನು ಮೂರು ಗಂಟೆಗೂ ಜಾಸ್ತಿ ಒಣ ಬಟ್ಟೆಯಲ್ಲಿ ಇಟ್ಟಿದ್ದೆ. ಅದಕ್ಕೂ ಮೊದಲು ನಾನೇ ತಿಕ್ಕಿ ತೆಗೆದಿದ್ದೆ.

ನೀರಲ್ಲಿ ಹಾಕಿದ್ದರೆ ಅಂತ ಕೇಳಿದೆ. ಒಣಗಿಸುವುದಕ್ಕಿಂತ ವಾಸಿ, ಆದರೆ ನೀರು ಒಳ್ಳೆಯದಲ್ಲವಂತೆ. ಒಣದ್ರಾಕ್ಷಿ ನೀರಲ್ಲಿ ಉಬ್ಬುವ ಹಾಗೆ ಆ ಪೊರೆಯ ಜೀವಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಹಾಲಲ್ಲಿ ಹಾಗಾಗುವುದಿಲ್ಲ. ಹಾಲಿನ ಉಪ್ಪಿನಂಶ, ಗುಣ ನಮ್ಮ ಮೈಯ ರಸಕ್ಕೆ ಹತ್ತಿರ. ಹಾಗಾಗಿ ಡಾಕ್ಟರ ಹತ್ತಿರ ಹೋಗುವ ತನಕ ಪೊರೆಯ ಜೀವ ಹಿಡಿದಿಡುತ್ತೆ. ಸಕ್ಕರೆ ಹಾಕಿರಬಾರದು, ಬಿಸಿ ಇರಬಾರದು. ಅಂಗಡಿಯ ತಣ್ಣನೆ ಪ್ಯಾಕೆಟ್ ಹಾಲು ಆದರೆ ಇನ್ನೂ ಒಳ್ಳೆಯದು.

ಇದನ್ನು ಊರಲ್ಲಿ ಹೇಳಿದಾಗ ಒಬ್ಬರು, ‘ಎಳನೀರು ಆಗಲ್ವಾ?’ ಅಂದರು. ನಮ್ಮದು ಕಲ್ಪತರು ನಾಡು, ಯಾವುದಕ್ಕೂ ಮೊದಲು ಎಳನೀರೇ ನೆನಪಾಗೋದು. ಮುಂದಿನ ಸಲ ಹೋದಾಗ ಕೇಳಿದೆ. ಡಾಕ್ಟರಮ್ಮ ನಕ್ಕರು. ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರಂತೆ. ಎಳನೀರು ಹಾಲಿಗಿಂತ ಹುಳಿ ಗುಣದ್ದು, ಅದನ್ನು ಅಷ್ಟು ನೆಚ್ಚಿಕೊಳ್ಳಲು ಆಗದು, ಹಾಲೇ ಇರಲಿ ಅಂದರು.

ಅವತ್ತು ಅವರು ಹಲ್ಲನ್ನು ಕೂರಿಸಿಯೇ ಕೂರಿಸಿದರು. ಬಹಳ ಕಾಲ ಬರುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರು. ಆದರೆ ಬೆಳೆಯುವ ಮಗು, ಹಲ್ಲಿದ್ದಷ್ಟು ದಿನ ಅಲ್ಲಿಯ ಮೂಳೆ ಸವೆಯದೆ ಇರುತ್ತೆ, ಬೇರೆ ಹಲ್ಲಿನ ಜಾಗವೂ ಕೆಡುವುದಿಲ್ಲ ಅಂದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗುಳಿ ತೊಳೆದು, ಹಲ್ಲು ಒತ್ತಿ, ತೆಳ್ಳನೆ ತಂತಿಯಿಂದ ಅಕ್ಕಪಕ್ಕದ ಹಲ್ಲಿಗೆ ಅಂಟಿಸಿದರು. ಎರಡು ವಾರ ಆ ತಂತಿ. ಅಷ್ಟರೊಳಗೆ ಬೇರಿನ ನರ ತೆಗೆದು ತುಂಬಿಸಿದ್ದೂ ಆಯಿತು. ಎರಡು ವಾರ ಮೆತ್ತಗಿನ ಊಟ ಅಂದರು. ಅದೊಂದು ಕಷ್ಟ ಆಗಲಿಲ್ಲ. ನಮ್ಮ ಮುದ್ದೆಗೆ ಹಲ್ಲೇ ಬೇಡವಲ್ಲ, ನುಂಗೋದು ತಾನೇ. ದುಡ್ಡಿನ ಲೆಕ್ಕ ಇಲ್ಲಿ ಬರೆಯುವುದಿಲ್ಲ. ನನ್ನ ಎಷ್ಟು ತಿಂಗಳ ಗೌರವಧನ ಅಂತ ನನಗೆ ಗೊತ್ತಿದೆ.

ಈಗ ಅವನಿಗೆ ಮೀಸೆ ಚಿಗುರುತ್ತಿದೆ. ಹಲ್ಲು ಇನ್ನೂ ಇದೆ, ಆದರೆ ಗಿಡ್ಡ ಆಗಿದೆ. ಹಲ್ಲು ಗಿಡ್ಡ ಆಗಿದ್ದಲ್ಲ, ಉಳಿದವು ದವಡೆ ಜೊತೆ ಬೆಳೆದು ಕೆಳಗೆ ಬಂದವು, ಇದು ಮಾತ್ರ ಮೂಳೆಗೆ ಬೆಸೆದುಕೊಂಡು ನಿಂತಲ್ಲೇ ನಿಂತಿತು. ಪೊರೆ ಇಲ್ಲದೆ ಕೂತ ಹಲ್ಲಿಗೆ ಆಗುವುದು ಇದೇ. ಮೊನ್ನೆ ತೋರಿಸಲು ಹೋದಾಗ ಡಾಕ್ಟರಮ್ಮ ಸಣ್ಣ ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿದರು. ಬೇರೆಯವು ‘ಟಕ್ ಟಕ್’ ಅಂದವು. ಇದು ‘ಟಣ್’ ಅಂತು, ಸ್ಟೀಲ್ ಲೋಟಕ್ಕೆ ಚಮಚ ತಗುಲಿದ ಹಾಗೆ. ಒಳಗೆ ಬೇರನ್ನು ಮೂಳೆ ನಿಧಾನವಾಗಿ ತಿನ್ನುತ್ತಿದೆ ಅಂತ ಎಕ್ಸ್‌ರೇಯಲ್ಲಿ ತೋರಿಸಿದರು. ಅದು ಹೋದ ಮೇಲೆ ಕೃತಕ ಹಲ್ಲನ್ನು ಮೂಳೆಗೆ ಕೂರಿಸಬೇಕಾದರೆ ದವಡೆ ಬೆಳೆಯುವುದು ಪೂರ್ತಿ ನಿಲ್ಲಬೇಕು, ಹದಿನೆಂಟಾದರೂ ದಾಟಬೇಕು. ಅಲ್ಲಿಯ ತನಕ ಏನೋ ಒಂದು ಹಾಕಿ ತೋರಿಕೆಗೆ ಸರಿ ಮಾಡುವುದು. ಫೋಟೋ ತೆಗೆಯುವಾಗ ಅವನು ತುಟಿ ಬಿಗಿ ಹಿಡಿಯುತ್ತಾನೆ. ನಾನು ‘ನಗೋ’ ಅನ್ನುವುದನ್ನು ಬಿಟ್ಟಿದ್ದೇನೆ.

ಅವನ ಹಲ್ಲು ಮೊದಲೇ ಸ್ವಲ್ಪ ಉಬ್ಬು. ಅಂಥ ಮಕ್ಕಳಿಗೆ ಪೆಟ್ಟು ಬೇಗ ತಗುಲುತ್ತೆ, ತುಟಿ ಅಡ್ಡ ಬರುವುದಿಲ್ಲ. ಉಬ್ಬು ಹಲ್ಲನ್ನು ಹಿಂದಕ್ಕೆ ತರುವ ತಂತಿಯನ್ನು ನಾವೆಲ್ಲ ಚೆಂದಕ್ಕೆ ಹಾಕಿಸೋದು ಅಂದುಕೊಂಡಿದ್ದೇವೆ. ಸುಮ್ನೆ ಶೋಕಿ ಅಲ್ಲ ಅದು.

ಹಾಗಾದರೆ ಅವತ್ತು 10.20ಕ್ಕೆ ನಾನು ಏನು ಮಾಡಬೇಕಿತ್ತು? ಹಲ್ಲನ್ನು ಹೊಳೆಯುವ ತಲೆಯ ಕಡೆ ಹಿಡಿದುಕೊಳ್ಳಬೇಕಿತ್ತು, ಬೇರನ್ನು ಮುಟ್ಟಲೇಬಾರದಿತ್ತು. ಕೆಸರಾಗಿದ್ದರೆ ಹಾಲಲ್ಲಿ ಒಂದು ಸಲ ಅದ್ದಿ ಅಲ್ಲಾಡಿಸಬೇಕಿತ್ತು. ಹಾಲಿಲ್ಲದವರು ನಲ್ಲಿ ನೀರು ಹತ್ತು ಸೆಕೆಂಡು ಬಿಡಬಹುದು. ಉಜ್ಜುವುದು, ಒರೆಸುವುದು, ಸೋಪು ಯಾವುದೂ ಬೇಡ. ಮಗುವಿಗೆ ಪ್ರಜ್ಞೆ ಇದ್ದು, ಹೇಳಿದ್ದು ಕೇಳುವಂತಿದ್ದರೆ ಅಲ್ಲೇ ಗುಳಿಯೊಳಗೆ ಮೆಲ್ಲಗೆ ಕೂರಿಸಿ, ಚೊಕ್ಕ ಕರವಸ್ತ್ರ ಕಚ್ಚಿಸಿ ಹೊರಡಬೇಕು. ಎಲ್ಲಕ್ಕಿಂತ ಒಳ್ಳೆಯದು ಇದೇ ಅಂತೆ. ಐದು ನಿಮಿಷದೊಳಗೆ ಕೂರಿಸಿದ ಹಲ್ಲು ಹಿಡಿದುಕೊಳ್ಳುವ ಹಾಗೆ ಆಮೇಲಿನದು ಹಿಡಿಯುವುದಿಲ್ಲ. ಸತ್ಯ ಹೇಳುತ್ತೇನೆ, ನನಗೆ ಈಗಲೂ ಅಷ್ಟು ಧೈರ್ಯ ಇಲ್ಲ. ಧೈರ್ಯ ಇಲ್ಲದವರಿಗೇ ಹಾಲು. ಲೋಟದಲ್ಲಿ ಹಲ್ಲು ಮುಳುಗುವಷ್ಟು ಹಾಲು ಹಾಕಿ, ಮುಚ್ಚಿ, ನೆಟ್ಟಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು. ಮಗು ಎಚ್ಚರ ತಪ್ಪಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಹಲ್ಲಿನ ವಿಷಯ ಆಮೇಲೆ, ಮೊದಲು 108.

ಚಿಕ್ಕ ಮಕ್ಕಳ ಹಾಲುಹಲ್ಲು ಬಿದ್ದರೆ ವಾಪಸ್ ಕೂರಿಸಲೇಬಾರದು. ಕೆಳಗಿರುವ ಮೊಳಕೆಗೆ ಪೆಟ್ಟಾಗುತ್ತೆ. ಅದನ್ನು ಅತ್ತೆ ಹೇಳಿದ ಹಾಗೆ ಮಾಳಿಗೆಗೇ ಎಸೆಯಬಹುದು. ಆದರೆ ಮಗುವನ್ನು ಡಾಕ್ಟರಿಗೆ ಒಂದು ಸಲ ತೋರಿಸಿ.

ಹೋದ ವರ್ಷ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಖೋ ಖೋ ಅಭ್ಯಾಸದಲ್ಲಿ ಕಂಬಕ್ಕೆ ಮುಖ ಹೊಡೆದುಕೊಂಡಳು. ಹಲ್ಲು ಬುಡದಿಂದ ಬರಲಿಲ್ಲ, ಮುಂದಿನ ಹಲ್ಲಿನ ಮೂಲೆ ಓರೆಯಾಗಿ ಮುರಿಯಿತು. ಈ ಸಲ ನಾನು ಓಡಿದ್ದು ನೆಲ ಹುಡುಕಲು. ಅಂಕಣದ ಮಣ್ಣಿನಲ್ಲಿ ನಾಲ್ಕು ಮಕ್ಕಳ ಜೊತೆ ಮಂಡಿ ಊರಿ ಹುಡುಕಿದೆವು. ಅಕ್ಕಿ ಆರಿಸಿ ಅಭ್ಯಾಸ ಇದ್ದದ್ದಕ್ಕೆ ನನಗೇ ಸಿಕ್ಕಿತು, ಸೀಳಿದ ಗೋಡಂಬಿ ಚೂರಿನ ಹಾಗೆ ಇತ್ತು. ಹಾಲಿನ ಲೋಟಕ್ಕೆ ಹಾಕಿ, ಅವಳ ಅಪ್ಪನ ಕೈಗೆ ಕೊಟ್ಟು, ‘ದಾರೀಲಿ ಎಲ್ಲೂ ನಿಲ್ಲಬೇಡಿ ಅಣ್ಣಾ, ಸೀದಾ ತುಮಕೂರು’ ಅಂದೆ. ಅದೇ ಚೂರನ್ನು ಅಂಟಿಸಿ ಕಳಿಸಿದರು. ಈಗ ಅವಳು ನಕ್ಕರೆ ಯಾವ ಹಲ್ಲು ಅಂತ ನಾನೂ ಹುಡುಕಬೇಕು. ಚೂರು ಸಿಗದೆ ಹೋದರೆ ಊದಿದ ತುಟಿಯೊಳಗೆ ಸೇರಿದೆಯಾ ಅಂತ ನೋಡಬೇಕಂತೆ, ಉಸಿರಿನ ಜೊತೆ ಒಳಗೆ ಹೋಗಿದೆಯಾ ಅಂತಲೂ. ಕಾಣಿಸದ ಪೆಟ್ಟು ಇನ್ನೊಂದು. ಹಲ್ಲು ನೆಟ್ಟಗೇ ಇರುತ್ತೆ, ಕೆಲವು ತಿಂಗಳಾದ ಮೇಲೆ ಕಪ್ಪಗಾಗುತ್ತೆ, ಒಳಗಿನ ನರ ಸತ್ತಿರುತ್ತೆ. ಹಾಗಾಗಿ ‘ಏನೂ ಆಗಿಲ್ಲ’ ಅಂದರೂ ಒಮ್ಮೆ ತೋರಿಸುವುದು ವಾಸಿ.

ಇನ್ನು ನನ್ನ ಬೇಡಿಕೆ. ಶಿಕ್ಷಣ ಇಲಾಖೆಯವರು, ಅಕ್ಷರ ದಾಸೋಹದವರು ಇದನ್ನು ಓದುತ್ತಾರೆ ಅಂತ ನಂಬಿದ್ದೇನೆ. ಅಡುಗೆಯವರಿಗೆ ತರಬೇತಿ ಕೊಡುತ್ತೀರಿ. ಸಿಲಿಂಡರ್ ಸೋರಿದರೆ ಏನು ಮಾಡಬೇಕು, ಬೇಳೆಯಲ್ಲಿ ಹುಳ ಬಂದರೆ ಏನು ಮಾಡಬೇಕು, ಎಲ್ಲ ಹೇಳಿಕೊಡುತ್ತೀರಿ. ನಾನು ಇಷ್ಟು ವರ್ಷದಲ್ಲಿ ಒಂದು ಸಿಲಿಂಡರ್ ಸೋರಿದ್ದೂ ನೋಡಿಲ್ಲ. ಹಲ್ಲು ಮುರಿದ, ಬಿದ್ದ ಮಕ್ಕಳನ್ನು ಕೈ ಬೆರಳಿಗಿಂತ ಜಾಸ್ತಿ ನೋಡಿದ್ದೇನೆ. ಆ ತರಬೇತಿಯಲ್ಲಿ ಐದು ನಿಮಿಷ ಇದಕ್ಕೆ ಕೊಡಿ. ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ ಆರ್‌ಬಿಎಸ್‌ಕೆ ತಂಡದವರು ಮಕ್ಕಳನ್ನು ಪರೀಕ್ಷೆ ಮಾಡಲು ಶಾಲೆಗೆ ಬರುತ್ತಾರೆ, ಬಾಯಿ ತೆರೆಸಿ ಹುಳುಕು ನೋಡಿ ಬರೆದುಕೊಂಡು ಹೋಗುತ್ತಾರೆ. ಅವರೇ ಒಂದು ಮಾತು ಹೇಳಿದರೆ ಮೇಷ್ಟ್ರುಗಳೂ ಕೇಳುತ್ತಾರೆ. ನಾನು ಹೇಳಿದರೆ, ‘ಆಯ್ತು ಕಣಮ್ಮ, ಸಾರು ನೋಡು’ ಅಂತಾರೆ. ಅಡುಗೆ ಕೋಣೆಯ ಗೋಡೆ ಮೇಲೆ ಯಾವ ದಿನ ಏನು ಊಟ ಅಂತ ಬಣ್ಣದಲ್ಲಿ ಬರೆಸಿರುತ್ತೀರಲ್ಲ, ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗ ಇದೆ: ‘ಬಿದ್ದ ಹಲ್ಲಿನ ಬೇರು ಮುಟ್ಟಬೇಡಿ. ಹಾಲಲ್ಲಿ ಹಾಕಿ ತಕ್ಷಣ ಹಲ್ಲಿನ ಡಾಕ್ಟರಿಗೆ ಕೊಡಿ.’ ಪೇಂಟಿನ ಖರ್ಚು ಎಷ್ಟಾಗುತ್ತೆ?

ನಮ್ಮ ಶಾಲೆಯಲ್ಲಿ ನಾನೇ ಇದನ್ನು ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಒಗ್ಗರಣೆ ಹೊಗೆಗೆ ಮಾಸುತ್ತೆ, ಮತ್ತೆ ಬರೆಯುತ್ತೇನೆ. ನಲ್ಲಿಗೆ ಬಾಯಿ ಹಾಕಿ ಕುಡಿಯಬಾರದು, ಲೋಟದಲ್ಲೇ ಹಿಡಿದು ಕುಡಿಯಬೇಕು ಅಂತ ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲಿ ಹೇಳುತ್ತಾರೆ. ಮಕ್ಕಳು ಎರಡು ದಿನ ಕೇಳುತ್ತಾರೆ.

ನನ್ನ ಹೆಸರು, ಊರು ಹಾಕಬೇಡಿ. ಮಗ ಈಗ ಹೈಸ್ಕೂಲು, ಸುಮ್ನೆ ಅವನನ್ನು ಕಾಡಿಸುತ್ತಾರೆ. ಇನ್ನೂ ಒಂದು ಕಾರಣ ಇದೆ. ದಿನಾ ಬೆಳಿಗ್ಗೆ ಸಕ್ಕರೆ ಹಾಕುವ ಮೊದಲು ಒಂದು ಲೋಟ ಹಾಲು ತೆಗೆದು, ಆರಿಸಿ, ತಟ್ಟೆ ಮುಚ್ಚಿ ಕಿಟಕಿ ಮೇಲೆ ಇಡುತ್ತೇನೆ. ಅದು ಯಾವ ಮಗುವಿನ ಲೆಕ್ಕದಲ್ಲಿ ಬರುತ್ತೆ ಅಂತ ಲೆಕ್ಕ ಕೇಳುವವರು ನೋಟಿಸ್ ಕೊಡುವುದು ಬೇಡ. ಮಕ್ಕಳು ಮನೆಗೆ ಹೋಗುವ ತನಕ ಅಲ್ಲೇ ಇರುತ್ತೆ. ಖೋ ಖೋ ದಿನ ಒಂದು ಬಿಟ್ಟರೆ ಇಲ್ಲಿಯವರೆಗೆ ಅಷ್ಟೂ ದಿನ ಅದನ್ನು ಕುಡಿದದ್ದು ಶಾಲೆಯ ಹಿಂದಿನ ಬೆಕ್ಕು.

ಇಂತಿ,
ಒಬ್ಬ ಬಿಸಿಯೂಟದ ಅಡುಗೆಯವಳು
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ